ಚೆಲುವಿ ಒದೆಯಲಿಲ್ಲ

ಚೆಲುವಿ ಮುನಿಶಾಮಿಯನ್ನು ಒದೆಯಲಿಲ್ಲ. ಒದ್ದಿತು ಎಂದು ಹೇಳಿದವನು ನಾನು. ಸುಬೇದಾರರ ಮುಂದೆ ನೆಟ್ಟಗೆ ನಿಂತು ಹೇಳಿದೆ, ಊರಿಗೆ ಬಂದು ಮುನಿಶಾಮಿಯ ತಾಯಿಯ ಮುಂದೆ ಕೂತು ಹೇಳಿದೆ, ಆಮೇಲೆ ಕೇಳಿದವರಿಗೆಲ್ಲ ಹೇಳುತ್ತಲೇ ಬಂದೆ. ಎಷ್ಟು ಸಲ ಹೇಳಿದೆನೆಂದರೆ, ಒಮ್ಮೊಮ್ಮೆ ಆ ಗೊರಸು ಮೇಲೆದ್ದದ್ದು ನನಗೇ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಗೊರಸು ಏಳಲೇ ಇಲ್ಲ. ಅದು ಸುಳ್ಳು.

ಇದನ್ನು ಬರೆಯಲು ಕೂತಾಗಲೆಲ್ಲ ಕೋಪ ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಮೊದಲು ಸೈನ್ಯದ ಮೇಲೆ ಬರುತ್ತದೆ, ಆಮೇಲೆ ಹಿಮದ ಮೇಲೆ, ಸಂಕ್ರಾಂತಿಯ ಮೇಲೆ. ಎಲ್ಲವನ್ನೂ ಸುತ್ತಿಕೊಂಡು ಬಂದು ಕೊನೆಗೆ ನನ್ನ ಹತ್ತಿರವೇ ಕೂರುತ್ತದೆ. ಹರಿದುಹಾಕಿದ ಹಾಳೆಗಳಲ್ಲಿ ಒಲೆ ಹೊತ್ತಿಸಿದ್ದೇನೆ. ಈ ಸಲ ಹರಿಯುವುದಿಲ್ಲ.

ನನ್ನ ಹೆಸರು ಆಂಜಿನಪ್ಪ. ಚಿಂತಾಮಣಿ ಕಡೆಯವನು. ಈಗ ಚಿಕ್ಕಬಳ್ಳಾಪುರದ ದನದ ಆಸ್ಪತ್ರೆಯಲ್ಲಿ ಅಟೆಂಡರು. ಡಾಕ್ಟರು ಸೂಜಿ ಚುಚ್ಚುವಾಗ ಎತ್ತಿನ ಕೊಂಬು ಹಿಡಿಯುವವನು. ಅದಕ್ಕೂ ಮೊದಲು ಸೈನ್ಯದಲ್ಲಿದ್ದೆ. ಹಾಗೆಂದರೆ ಜನ ಬಂದೂಕು ಎಂದುಕೊಳ್ಳುತ್ತಾರೆ. ಚೀನಾದ ಜೊತೆ, ಪಾಕಿಸ್ತಾನದ ಜೊತೆ ಯುದ್ಧ ಆದಮೇಲಂತೂ ಹೋಟೆಲಿನಲ್ಲಿ ಕೂತವರೆಲ್ಲ ಟ್ಯಾಂಕು, ವಿಮಾನ ಎಂದು ನನ್ನನ್ನು ಕೆಣಕುತ್ತಾರೆ. ನಾನು ಕಂಡ ಸೈನ್ಯದಲ್ಲಿ ಲದ್ದಿಯ ವಾಸನೆ ಇತ್ತು. ರಸ್ತೆಯೇ ಇಲ್ಲದ ಬೆಟ್ಟಗಳ ಮೇಲೆ ಕಾವಲು ಕೂತವರಿಗೆ ಅಕ್ಕಿ, ಸೀಮೆಣ್ಣೆ, ಗುಂಡಿನ ಪೆಟ್ಟಿಗೆ ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೇ ಹೋಗಬೇಕು. ನಾವು ಅವನ್ನು ನಡೆಸುವ ಜನ. ಒಬ್ಬೊಬ್ಬನಿಗೆ ಒಂದೊಂದು ಪ್ರಾಣಿ. ಅದಕ್ಕೆ ತಿನ್ನಿಸದೆ ನಾವು ತಿನ್ನುವಂತಿಲ್ಲ.

ಮುನಿಶಾಮಿ ಶಿಡ್ಲಘಟ್ಟದ ಪಕ್ಕದ ಹಳ್ಳಿಯವನು. ಬೆಂಗಳೂರಿನಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳುವಾಗ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ. ಮೇಜಿನ ಹಿಂದೆ ಕೂತಿದ್ದವರು ಅವನನ್ನು, "ಎತ್ತು ಕಟ್ಟಿ ಗೊತ್ತಾ?" ಎಂದು ಕೇಳಿದರು. "ಗೊತ್ತು ಸ್ವಾಮಿ" ಎಂದ. ನಾನೂ ಅದನ್ನೇ ಹೇಳಿದೆ. ಇಬ್ಬರನ್ನೂ ಹೇಸರಗತ್ತೆಗಳ ದಂಡಿಗೆ ಹಾಕಿದರು. ಎತ್ತು ಗೊತ್ತಿದ್ದವನಿಗೆ ಹೇಸರಗತ್ತೆಯೂ ಗೊತ್ತಿರುತ್ತದೆ ಎಂದು ಅವರು ನಂಬಿದರು. ನಾವೂ ನಂಬಿದೆವು — ಅಲ್ಲ, ನಾನು ನಂಬಿದೆ. ಮುನಿಶಾಮಿ ಒಂದೇ ತಿಂಗಳಿಗೆ ವ್ಯತ್ಯಾಸ ತಿಳಿದುಕೊಂಡ. ಎತ್ತು ಏಟು ಬಿದ್ದರೆ ಮುಂದಕ್ಕೆ ಹೋಗುತ್ತದೆ. ಹೇಸರಗತ್ತೆ ಹೋಗಬೇಕೋ ಬೇಡವೋ ಎಂದು ತಾನೇ ನೋಡುತ್ತದೆ. ಅದು ನಿಂತ ಕಡೆ ಕಾಲಿಡಬಾರದು ಎಂದು ಅವನು ನನಗೆ ಎಷ್ಟೋ ಸಲ ಹೇಳಿದ್ದ.

ಅವನಿಗೆ ಸಿಕ್ಕಿದ್ದು ಚೆಲುವಿ. ಸೈನ್ಯದವರ ಲೆಕ್ಕದಲ್ಲಿ ಅದಕ್ಕೆ ಗೊರಸಿನ ಮೇಲೆ ಸುಟ್ಟ ನಂಬರು ಮಾತ್ರ ಇತ್ತು, ಹೆಸರಿಟ್ಟವನು ಇವನು. ವಯಸ್ಸಾದ, ಕಂದು ಬಣ್ಣದ ಹೆಣ್ಣು. ಹಿಂದಿನ ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡಿಗೆ ಹೋಗಿ ಬಂದದ್ದು. ಕಾಡಿನಲ್ಲಿ ಕೂಗಿದರೆ ಶತ್ರುಗಳಿಗೆ ಕೇಳುತ್ತದೆಂದು ಆಗ ಇಂಗ್ಲಿಷರು ಅಲ್ಲಿಗೆ ಹೋಗುವ ಹೇಸರಗತ್ತೆಗಳ ಗಂಟಲಿನ ನರ ಕತ್ತರಿಸಿಬಿಡುತ್ತಿದ್ದರಂತೆ. ಚೆಲುವಿಗೂ ಹಾಗೆ ಮಾಡಿದ್ದರು. ಹಸಿವಾದಾಗ ಕತ್ತು ಚಾಚಿ ಬಾಯಿ ತೆರೆಯುತ್ತಿತ್ತು, ಹೊಟ್ಟೆ ಏರಿ ಇಳಿಯುತ್ತಿತ್ತು, ಒಂದಿಷ್ಟು ಗಾಳಿ ಬರುತ್ತಿತ್ತು ಅಷ್ಟೆ. ಮೊದಲ ದಿನ ಅದನ್ನು ನೋಡಿ ಮುನಿಶಾಮಿ ಅತ್ತುಬಿಟ್ಟ. ಮನೆಯಲ್ಲಿ ತೆಲುಗೂ ಕನ್ನಡವೂ ಕಲಸಿ ಮಾತಾಡುವ ಜನ ಅವರು. "ರಾ ತಲ್ಲೀ, ರಾ" ಎಂದು, ಬಾ ತಾಯಿ ಎಂದು ಕರೆಯುತ್ತಿದ್ದ. ಸೈನ್ಯದ ಹಿಂದಿ ಹುಕುಮಿಗೆ ಕಿವಿ ಅಲ್ಲಾಡಿಸದ ಚೆಲುವಿ ಆ ಕರೆಗೆ ಎಲ್ಲಿದ್ದರೂ ಬರುತ್ತಿತ್ತು.

ರಜೆಯಲ್ಲಿ ಒಮ್ಮೆ ಅವನ ಮನೆಗೆ ಹೋಗಿದ್ದೆ. ತಂದೆ ಇರಲಿಲ್ಲ, ಅಕ್ಕನನ್ನು ಗೌರಿಬಿದನೂರಿಗೆ ಕೊಟ್ಟಿದ್ದರು. ತಾಯಿ ಪಾಪಮ್ಮ, ಒಂದು ಜೊತೆ ಎತ್ತು, ಹಿಪ್ಪುನೇರಳೆ ಹಾಕಿದ ಒಂದಿಷ್ಟು ಹೊಲ. ಮಗ ಚೆಲುವಿಯ ವಿಷಯ ಹೇಳುತ್ತಿದ್ದರೆ ಆಯಮ್ಮ ಸೊಸೆಯ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದರು. ಏನು ತಿಂತಾಳೆ, ಚಳಿಗೆ ಏನು ಹೊದಿಸ್ತೀರಿ, ಕಾಲು ನೋಯಲ್ವಾ. ಸಂಕ್ರಾಂತಿಯ ದಿನ ಎತ್ತುಗಳಿಗೆ ಮೊರದಲ್ಲಿ ಪೊಂಗಲು ಇಡುವಾಗ ಒಂದು ಹಿಡಿ ಬೇರೆ ಎಲೆಯ ಮೇಲೆ ತೆಗೆದಿಟ್ಟು, ಇದು ಬೆಟ್ಟದ ಮೇಲಿರೋಳಿಗೆ ಎಂದು ಕೊಟ್ಟಿಗೆಯ ಕಂಬದ ಹತ್ತಿರ ಇಡುತ್ತಿದ್ದರಂತೆ. ನಾವು ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದರು: "ಮುನಿಶಾಮಿ, ಸಂಕ್ರಾಂತಿ ದಿನ ಅದಕ್ಕೂ ಕಿಚ್ಚು ಹಾಯ್ಸಪ್ಪ. ಅದೂ ನಮ್ಮನೆ ದನಾನೇ ಅಲ್ವಾ. ಕೆಟ್ಟ ಕಣ್ಣು ಹೋಗ್ತದೆ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬದ ದಿನ ಹೊತ್ತು ಮುಳುಗುವ ಮುಂಚೆ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಇಟ್ಟು, ಮೈ ತೊಳೆದು ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಅದರ ಮೇಲೆ ಹಾರಿಸುತ್ತೇವೆ. ಎತ್ತು ಬೆದರಿ ಕೈ ತಪ್ಪದಿರಲೆಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಾವೂ ಜೊತೆಯಲ್ಲಿ ಓಡುತ್ತೇವೆ. ಹಿಂದಿನಿಂದ ಒಬ್ಬ ಹೊಡೆಯುತ್ತಾನೆ. ಎತ್ತು ಹಾರುತ್ತದೆ. ಎತ್ತು ಯಾವಾಗಲೂ ಹಾರುತ್ತದೆ.

ಆ ವರ್ಷ ಸಂಕ್ರಾಂತಿಗೆ ನಾವು ಕಾಶ್ಮೀರದ ಒಂದು ಬೆಟ್ಟದ ಮೇಲಿದ್ದೆವು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಲ್ಲಿ ನಡೆದ ಯುದ್ಧ ನಿಂತು ಕೆಲವು ವರ್ಷವಾಗಿತ್ತು. ಗಡಿಯ ಕಾವಲು ನಿಂತಿರಲಿಲ್ಲ. ಎಲ್ಲೆಲ್ಲೂ ಹಿಮ. ಉಳಿದವರು ಸಾಮಾನು ಹೊತ್ತು ಮೇಲಿನ ಠಾಣೆಗೆ ಹೋಗಿದ್ದರು, ಕೆಲವರು ಬಿಡಾರದೊಳಗೆ ಮುದುರಿಕೊಂಡಿದ್ದರು. ಲಾಯದ ಹಿಂದೆ ನಾನು, ಮುನಿಶಾಮಿ, ಚೆಲುವಿ. ಯೋಚನೆ ನನ್ನದೇ. ಸರ್ಕಾರದ ಹುಲ್ಲನ್ನು ಎರಡು ತೆಕ್ಕೆ ಕದ್ದು ತಂದವನೂ ನಾನೇ. ಊರಿನ ನೆನಪು ಬಂದಿತ್ತು ಎಂದು ಇಲ್ಲೊಂದು ವಾಕ್ಯ ಬರೆದಿದ್ದೆ — ಹೊಡೆದುಹಾಕಿದ್ದೇನೆ. ನೆನಪು ಅವನಿಗೂ ಬಂದಿತ್ತಲ್ಲ.

ಬೆಂಕಿ ಎದ್ದದ್ದೇ ಚೆಲುವಿ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ ಹೋದವು, ತೊಡೆ ನಡುಗಿತು.

"ಬೇಡ ಕಣೋ ಆಂಜಿ" ಎಂದ ಮುನಿಶಾಮಿ. "ಹೆದರ್ತಾವ್ಳೆ. ಬರ್ಮಾದಾಗೆ ಏನೇನು ಬೆಂಕಿ ನೋಡವ್ಳೋ ಏನೋ. ಬಿಡು, ಪೊಂಗಲು ತಿನ್ಸಿದ್ರೆ ಸಾಕು."

"ನಿಮ್ಮಮ್ಮ ಬಾಯಿ ಬಿಟ್ಟು ಹೇಳವ್ರೆ. ಇಷ್ಟು ಮಾಡಕ್ಕಾಗಲ್ವೇನೋ ನಿಂಗೆ?" ಎಂದೆ. ಆಮೇಲೆ — ಈ ಮಾತನ್ನು ಹಾಗೆಯೇ ಬರೆಯುತ್ತೇನೆ, ಒಂದಕ್ಷರ ತಿದ್ದುವುದಿಲ್ಲ — "ಹಗ್ಗ ಕೈಗೆ ಸುತ್ಕೊಳೋ, ಏನೂ ಆಗಲ್ಲ" ಎಂದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂಬುದು ನಮಗೆ ಮೊದಲ ದಿನ ಕಲಿಸಿದ ಪಾಠ. ದಿನಾ ಬೆಳಿಗ್ಗೆ ಹವಾಲ್ದಾರ ಅದನ್ನೇ ಬೊಬ್ಬೆ ಹೊಡೆಯುತ್ತಿದ್ದ. ಮುನಿಶಾಮಿ ನನ್ನ ಮುಖ ನೋಡಿದ. ಸುತ್ತಿಕೊಂಡ. ತಾಯಿಯ ಹೆಸರು ಎತ್ತಿದ ಮೇಲೆ ಅವನು ಇನ್ನೇನು ಮಾಡಬೇಕಿತ್ತು? ನಾನು ಸೊಂಟದ ಬೆಲ್ಟು ಬಿಚ್ಚಿ ಚೆಲುವಿಯ ಹಿಂಭಾಗಕ್ಕೆ ಬಲವಾಗಿ ಬಾರಿಸಿದೆ.

ಅದು ಹಾರಲಿಲ್ಲ. ಬೆಂಕಿಯ ಕಡೆ ಹೋಗದೆ ಪಕ್ಕಕ್ಕೆ, ಇಳಿಜಾರಿನ ಕಡೆಗೆ ನುಗ್ಗಿತು. ಮುನಿಶಾಮಿ ಕೈ ಬಿಡಿಸಿಕೊಳ್ಳಲು ನೋಡಿದ. ಹಗ್ಗ ಬಿಗಿದುಕೊಂಡಿತ್ತು. ಮಂಜುಗಡ್ಡೆಯ ಮೇಲೆ ಇಬ್ಬರೂ ಜಾರಿಕೊಂಡು ಹೋದದ್ದು ಕಂಡಿತು. ಅರ್ಧ ದಾರಿಯಲ್ಲಿ ಚೆಲುವಿ ಹೇಗೋ ಕಾಲೂರಿ ನಿಂತಿತು, ಹಗ್ಗ ಕಳಚಿತು, ಅವನು ಮಾತ್ರ ಕೆಳಗಿನ ಬಂಡೆಯವರೆಗೆ ಹೋದ. ಬಂಡೆಗೆ ತಲೆ ಬಡಿದ ಸದ್ದು ನನಗೆ ಕೇಳಿಸಿತು.

ಈಗ ಹೇಳಬೇಕಾದದ್ದು. ಇಲ್ಲಿಯವರೆಗೆ ಬರೆದದ್ದನ್ನು ಹುಚ್ಚಾಟ ಎನ್ನಬಹುದು. ಇದನ್ನು ಏನೆನ್ನುವಿರೋ ಗೊತ್ತಿಲ್ಲ. ನಾನು ಕೆಳಗೆ ಓಡಲಿಲ್ಲ. ಮೊದಲು ಬೆಂಕಿ ನೋಡಿದೆ. ಬೂಟಿನಿಂದ ಅದನ್ನು ತುಳಿದೆ, ಉಳಿದ ಹುಲ್ಲನ್ನು ಒಯ್ದು ಲಾಯದೊಳಗೆ ಎಸೆದೆ, ಬೂದಿಯ ಮೇಲೆ ಎರಡೂ ಕೈಯಿಂದ ಹಿಮ ಎಳೆದು ಹಾಕಿ ಸಮ ಮಾಡಿದೆ. ಬೆಲ್ಟು ಕಟ್ಟಿಕೊಂಡೆ. ಆಮೇಲೆ ಇಳಿದೆ.

ನಾನು ಹೋದಾಗ ಮುನಿಶಾಮಿಗೆ ಉಸಿರಿರಲಿಲ್ಲ. ಬೂದಿ ಮುಚ್ಚುತ್ತಿದ್ದಾಗ ಇತ್ತೋ ಇಲ್ಲವೋ — ಗೊತ್ತಿಲ್ಲ. ಡಾಕ್ಟರನ್ನು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಹೊತ್ತಿನ ಲೆಕ್ಕ ಕೊಡಬೇಕಾಗುತ್ತಿತ್ತು.

ಚೆಲುವಿ ನನಗಿಂತ ಮೊದಲೇ ಅವನ ಹತ್ತಿರ ಹೋಗಿತ್ತು. ಓಡಿಹೋಗಲು ಇಡೀ ಬೆಟ್ಟವಿತ್ತು. ಓಡದೆ ಅವನ ಪಕ್ಕದಲ್ಲಿ ನಿಂತು ಕೆನ್ನೆಗೆ ಮೂತಿ ತಾಗಿಸುತ್ತಿತ್ತು. ಮತ್ತೆ ತಲೆಯೆತ್ತಿ, ಕತ್ತು ಚಾಚಿ, ಬಾಯಿ ಪೂರ್ತಿ ತೆರೆದು ಕೂಗುತ್ತಿತ್ತು. ಸದ್ದಿಲ್ಲ. ಗಂಟಲಿನ ನರ ಕತ್ತರಿಸದೆ ಇದ್ದಿದ್ದರೆ ಆ ಕೂಗಿಗೆ ಬಿಡಾರದವರೆಲ್ಲ ಎದ್ದು ಬರುತ್ತಿದ್ದರು. ನಾನಿನ್ನೂ ಮೇಲೆ ಹಿಮ ಎಳೆಯುತ್ತಿದ್ದಾಗಲೇ ಬಂದುಬಿಡುತ್ತಿದ್ದರು.

ಅವನನ್ನು ಬೆನ್ನ ಮೇಲೆ ಹೊತ್ತು ತಂದೆ. ಸುಬೇದಾರರು ಏನಾಯಿತು ಎಂದರು. ನಾನು ಯೋಚಿಸಿದ್ದು ಇನ್ನೇನನ್ನೋ, ಬಾಯಿಗೆ ಬಂದದ್ದು "ಒದ್ದುಬಿಟ್ಟಿತು ಸಾಹೇಬ್." ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹೇಸರಗತ್ತೆ ಒದೆಯುತ್ತದೆ, ಎಲ್ಲರಿಗೂ ಗೊತ್ತಿದ್ದ ವಿಷಯ. ಇಷ್ಟು ಸುಲಭವಾಗಿ ನಂಬುತ್ತಾರೆಂದು ನಾನೂ ಎಣಿಸಿರಲಿಲ್ಲ. ಒಬ್ಬನಾದರೂ ಲಾಯದ ಹಿಂದೆ ಹೋಗಿ ಕಾಲಿನಿಂದ ಹಿಮ ಕೆದಕಬಾರದಿತ್ತೇ!

ಆಳನ್ನು ಕೊಂದ ಪ್ರಾಣಿಯನ್ನು ಇಟ್ಟುಕೊಳ್ಳುವುದು ಬೇಡ ಎಂದು ಮಾರನೆಯ ದಿನ ಹುಕುಂ ಆಯಿತು. ಚೆಲುವಿ ಯಾರು ಎಳೆದರೂ ಲಾಯದಿಂದ ಹೊರಗೆ ಬರಲಿಲ್ಲ. ನಿನಗೆ ಅದರ ಅಭ್ಯಾಸವಿದೆ, ನೀನು ಕರೆ ಎಂದರು. ನಾನು ಬಾಗಿಲಲ್ಲಿ ನಿಂತೆ. "ರಾ ತಲ್ಲೀ, ರಾ" ಎಂದೆ. ಬಂತು. ನನ್ನ ಜೇಬಿಗೆ ಮೂತಿ ಹಾಕಿ ಬೆಲ್ಲ ಹುಡುಕಿತು. ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಗುಂಡು ಹಾಕುವವನು ಸಿದ್ಧನಾಗುವವರೆಗೆ ಹಗ್ಗ ಹಿಡಿದು ನಿಂತವನು ನಾನು. ಆ ದಿನ ಹಗ್ಗವನ್ನು ಕೈಗೆ ಸುತ್ತಿಕೊಂಡಿರಲಿಲ್ಲ. ಪಾಠ ಚೆನ್ನಾಗಿ ನೆನಪಿತ್ತು.

ಊರಿಗೆ ಬಂದಾಗ ಪಾಪಮ್ಮನವರಿಗೆ ಸಾವಿನ ಸುದ್ದಿ ತಲುಪಿತ್ತು, ಹೇಗೆಂದು ತಿಳಿದಿರಲಿಲ್ಲ. ದಾರಿಯುದ್ದಕ್ಕೂ, ಬಿದ್ದ ಎಂದರೆ ಸಾಕು ಎಂದುಕೊಂಡು ಬಂದಿದ್ದೆ. ಆದರೆ ಸುಬೇದಾರರಿಗೆ ಒಂದು, ಇವರಿಗೆ ಒಂದು ಹೇಳಿದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು — ಅದನ್ನೇ ಹೇಳಿದೆ. ಅವರು "ಚೆಲುವೀನಾ?" ಎಂದರು. ನಾನು ತಲೆಯಾಡಿಸಿದೆ. "ನಾನು ಅದಕ್ಕೆ ಎಡೆ ಇಡ್ತಿದ್ನಲ್ಲಪ್ಪ" ಎಂದರು.

ಒಂದು ತಿಂಗಳೊಳಗೆ ಎತ್ತುಗಳನ್ನು ಮಾರಿಬಿಟ್ಟರು. ಗಂಡನ ಕಾಲದಿಂದ ಇದ್ದ ಕೊಟ್ಟಿಗೆ ಖಾಲಿಯಾಯಿತು. ಹಾಲಿಗೊಂದು ಹಸುವನ್ನೂ ಕಟ್ಟಲಿಲ್ಲ, ಬಾಗಿಲಿಗೆ ಬಂದ ನಾಯಿಗೆ ಅನ್ನ ಹಾಕಲಿಲ್ಲ. ರೇಷ್ಮೆಹುಳು ಒಂದನ್ನೇ ಸಾಕಿದರು. "ಇವು ಒದೆಯಲ್ಲ ಕಣಪ್ಪ" ಎಂದು ಒಮ್ಮೆ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಾ ಅಂದರು. ನನಗೆ ಆ ತಟ್ಟೆಯನ್ನು ಎತ್ತಿ ಒಗೆಯಬೇಕೆನ್ನಿಸಿತು. ಅಷ್ಟು ಸಿಟ್ಟು. ಇವರಾದರೂ ನನ್ನನ್ನು ಅನುಮಾನಿಸಬಾರದೇ?

ಸೈನ್ಯದ ಅವಧಿ ಮುಗಿಸಿ ಬಂದ ಮೇಲೆ ಪ್ರತಿ ಸಂಕ್ರಾಂತಿಗೂ ಅವರ ಮನೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಎಲೆ ಹಾಕಿ ಬಡಿಸುತ್ತಿದ್ದರು, ಮಗನಿಗೆಂದು ಇನ್ನೊಂದು ಎಲೆ ಪಕ್ಕದಲ್ಲಿ. ಪ್ರತಿ ವರ್ಷವೂ ಹೇಳಲೆಂದೇ ಹೋಗುತ್ತಿದ್ದೆ, ತಿಂದು ಬರುತ್ತಿದ್ದೆ. ಒಂದು ಸಲ ಕೈವಾರಕ್ಕೆ ಕರೆದುಕೊಂಡು ಹೋದೆ, ದೇವರ ಸನ್ನಿಧಿಯಲ್ಲಾದರೂ ಬಾಯಿ ಬರಲಿ ಎಂದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ ಪಾಪಮ್ಮ ನನ್ನನ್ನು ತೋರಿಸಿ, "ನನ್ನ ಮಗನ್ನ ಬೆನ್ ಮೇಲೆ ಹೊತ್ಕೊಂಡ್ ಬಂದೋನು ಇವ್ನೇ. ನನಗೆ ಮಗ ಇದ್ದಂಗೆ" ಎಂದರು. ಆ ಹೆಂಗಸು ನನಗೆ ಕೈ ಮುಗಿದಳು. ನನ್ನ ಬಾಯಿ ಅಲ್ಲಿಗೆ ಮುಚ್ಚಿತು.

ನನ್ನೊಳಗೊಂದು ನೆಪ ಸದಾ ಸಿದ್ಧವಾಗಿತ್ತು. ನಿಜ ಹೇಳಿದರೆ ಕಿಚ್ಚಿನ ವಿಷಯ ಹೇಳಬೇಕು. ಕಿಚ್ಚು ಹಾಯಿಸು ಎಂದವರು ಅವರೇ. ತಮ್ಮ ಮಾತಿನಿಂದಲೇ ಮಗ ಸತ್ತ ಎಂದು ಅವರು ಕೊರಗುವುದು ಬೇಡ, ಒಂದು ಮೂಕಪ್ರಾಣಿಯ ಮೇಲೆ ಹಗೆ ಇದ್ದರೆ ಇರಲಿ. ಎಂಥ ಒಳ್ಳೆಯ ಮನುಷ್ಯ ನಾನು! ವರ್ಷಗಟ್ಟಲೆ ಈ ನೆಪವನ್ನು ಮೈ ತೊಳೆದು ಮೇವು ಹಾಕಿ ಸಾಕಿದೆ. ಅವರನ್ನು ಉಳಿಸುತ್ತಿದ್ದೇನೆ ಎನ್ನುತ್ತಲೇ ನನ್ನ ಚರ್ಮ ಉಳಿಸಿಕೊಂಡೆ.

ಹೋದ ದೀಪಾವಳಿಯ ನಂತರ ಆಸ್ಪತ್ರೆಗೆ ನಂದಿ ಕಡೆಯ ರೈತನೊಬ್ಬ ಒಂದು ಎತ್ತು ಹೊಡೆದುಕೊಂಡು ಬಂದ. ತಮ್ಮನ ಮೊಣಕಾಲು ಮುರಿಯುವ ಹಾಗೆ ಒದ್ದಿದೆಯಂತೆ, ಕಟುಕರಿಗೆ ಕೊಡುವ ಮುಂಚೆ ಹುಚ್ಚೇನಾದರೂ ಹಿಡಿದಿದೆಯೇ ನೋಡಿ ಎಂದ. ಡಾಕ್ಟರು ಏನೋ ಬರೆಯುತ್ತಿದ್ದರು. ನಾನು ಎತ್ತಿನ ಹಗ್ಗ ಹಿಡಿದು ನಿಂತಿದ್ದೆ. ಯಾರೂ ಕೇಳದೆ ನನ್ನ ಬಾಯಿ ತಾನೇ ಆಡಿತು: "ಸುಮ್ಸುಮ್ಕೆ ಒದೆಯಲ್ಲ ಸ್ವಾಮಿ. ಯಾರೋ ಹಿಂದಿನಿಂದ ಹೊಡೆದಿರ್ತಾರೆ." ರೈತ ತಲೆ ತಗ್ಗಿಸಿದ. ನಾನು ಹಗ್ಗವನ್ನು ಅವನ ಕೈಗೆ ಕೊಟ್ಟು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಪರರ ಎತ್ತಿನ ಪರವಾಗಿ ಆಡುವ ಬಾಯಿ ಇಷ್ಟು ವರ್ಷ ಎಲ್ಲಿ ಸತ್ತಿತ್ತು?

ಈ ಸಂಕ್ರಾಂತಿಗೆ ಹೋದೆ. ಪಾಪಮ್ಮ ಒಲೆಯ ಮುಂದೆ ಪೊಂಗಲು ಇಳಿಸುತ್ತಿದ್ದರು. ಎಲೆ ಹಾಕುವ ಮುಂಚೆಯೇ ಹೇಳಬೇಕು, ಉಂಡ ಮೇಲೆ ಆಗುವುದಿಲ್ಲ ಎಂದು ತಿಳಿದಿತ್ತು. ಬಾಗಿಲಲ್ಲೇ ನಿಂತು ಹೇಳಿದೆ. ಹುಲ್ಲು ಕದ್ದದ್ದು, ಹಗ್ಗ ಸುತ್ತಿಸಿದ್ದು, ಬೆಲ್ಟು, ಬಂಡೆ. ಬೂದಿಯ ಮಾತು ಬಂದಾಗ ತೊದಲಿದೆ, ಆದರೂ ಹೇಳಿದೆ. ರಾ ತಲ್ಲೀ ಎಂದು ಕರೆದದ್ದನ್ನೂ ಹೇಳಿದೆ.

ಅವರು ಸೌಟು ಹಿಡಿದುಕೊಂಡೇ ಕೂತಿದ್ದರು. ಮೊದಲು ಬಂದ ಮಾತು ನಾನು ಹೆದರಿದ್ದ ಮಾತೇ. "ಕಿಚ್ಚು ಹಾಯ್ಸು ಅಂದೋಳು ನಾನೇ ಅಲ್ವಾ."

ನನ್ನ ನೆಪ ಅಲ್ಲಿ ಬಂದು ಕೈ ಚಾಚಿ ನಿಂತಿತ್ತು. ಹೂಂ ಎಂದಿದ್ದರೆ ಅರ್ಧ ಭಾರ ಅವರ ಮೇಲೆ ಹೋಗುತ್ತಿತ್ತು.

"ಇಲ್ಲಮ್ಮ. ಅವ್ನು ಬೇಡ ಅಂದ. ಹೆದರ್ತಾವ್ಳೆ ಬಿಡು ಅಂದ. ಹೊಡೆದೋನು ನಾನು" ಎಂದೆ.

"ಅದು ಅವ್ನ ಹತ್ರಾನೇ ನಿಂತಿತ್ತಾ?"

"ಹೂಂನಮ್ಮ. ನಾನು ಇಳಿಯೋಕೆ ಮುಂಚೇನೇ ಹೋಗಿತ್ತು. ಕೂಗ್ತಾ ಇತ್ತು."

"ಅದಕ್ಕೆ ಗಂಟ್ಲಿರ್ಲಿಲ್ವಲ್ಲ."

"ಇರ್ಲಿಲ್ಲ."

ಬೈಯುತ್ತಾರೆ ಎಂದು ಕಾದೆ. ಸೌಟಿನಿಂದ ಹೊಡೆದರೂ ಸರಿ ಎಂದುಕೊಂಡೆ, ಬೇಕಾಗಿಯೂ ಇತ್ತು. ಅವರು ಮೆಲ್ಲಗೆ ಎದ್ದರು. ಮೂಲೆಯಲ್ಲಿದ್ದ ಎಲೆಗಳಿಂದ ಎರಡನ್ನು ತೆಗೆದು ನೀರು ಚಿಮುಕಿಸಿದರು. ಒಂದನ್ನು ಮಗನಿಗೆ ಇಡುವ ಜಾಗದಲ್ಲಿ ಇಟ್ಟು ಬಡಿಸಿದರು. ಇನ್ನೊಂದರ ತುಂಬ ಪೊಂಗಲು ಹಾಕಿ, ಮೇಲೊಂದು ಬೆಲ್ಲದ ಉಂಡೆ ಇಟ್ಟು, ನನ್ನ ಪಕ್ಕದಿಂದಲೇ ಹಾದು ಕೊಟ್ಟಿಗೆಗೆ ಹೋದರು. ಇಷ್ಟು ವರ್ಷ ಸೌದೆ ಒಟ್ಟಿದ್ದ ಜಾಗ. ಕಂಬದ ಬುಡದ ಸೌದೆಯನ್ನು ಕಾಲಿನಿಂದ ಸರಿಸಿ ಎಲೆ ಇಟ್ಟರು. ಅಲ್ಲೇ ಕುಕ್ಕರಿಸಿ ಕೂತು, "ತಿನ್ನವ್ವಾ. ಬೈದ್ಬಿಟ್ಟಿದ್ದೆ ನಿನ್ನ" ಎಂದರು. ಕಂಬವನ್ನು ಬಹಳ ಹೊತ್ತು ಸವರುತ್ತಿದ್ದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಂದ ಮೇಲೆ ನನ್ನ ಕಡೆ ನೋಡದೆ ಪಾತ್ರೆಗೆ ಮುಚ್ಚಳ ಹಾಕಿದರು.

"ನೀನಿನ್ನ ಹೊರಡಪ್ಪ" ಎಂದರು. "ಬಸ್ಸಿಗೆ ಹೊತ್ತಾಗ್ತದೆ."

ಊರ ಬಾಗಿಲಿನಲ್ಲಿ ಯಾರೋ ದಾರಿಗೆ ಅಡ್ಡ ಹುಲ್ಲು ಹರಡುತ್ತಿದ್ದರು. ನನ್ನನ್ನು ನೋಡಿ, ಮಿಲಿಟರಿ ಆಂಜಿನಪ್ಪ ಬಂದ, ಹಿಂದಿನಿಂದ ಹೊಡೆಯೋಕೆ ಒಬ್ಬ ಬೇಕಾಗಿತ್ತು ಎಂದು ಕೈಗೆ ಕೋಲು ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದೆ. ಮುಂದಿನ ಸಂಕ್ರಾಂತಿಗೂ ಹೋಗುತ್ತೇನೆ. ಅವರು ಎಲೆ ಹಾಕಲೆಂದು ಅಲ್ಲ — ಆ ಕೊಟ್ಟಿಗೆಯಲ್ಲಿ ಉಳಿದ ಸೌದೆ ಇನ್ನೂ ಹಾಗೇ ಇದೆ, ಅದನ್ನು ಹೊರಗೆ ಸಾಗಿಸಿ ಬರುತ್ತೇನೆ.